ದುಬಾರಿ ವೆಜ್ ರೆಸ್ಟೋರೆಂಟ್‌ನಲ್ಲಿ ವೀಗನ್ ಏನು ತಿನ್ನಬೇಕು? ಮೈಸೂರಿನವರು ಹೇಳಿ

ಸೊಪ್ಪಿನಕಟ್ಟು:
ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟಿದ್ದೇನೆ. ಮನೆಯಲ್ಲಿ ಕಷ್ಟ ಇಲ್ಲ. ಬೀದಿ ಕೊನೆಯ ಇಡ್ಲಿ ಹೋಟೆಲ್‌ನಲ್ಲೂ ಕಷ್ಟ ಇಲ್ಲ. ಕಷ್ಟ ಶುರುವಾಗುವುದು ಮೇಜಿಗೆ ಬಿಳಿ ಬಟ್ಟೆ ಹಾಸಿ, ನೀರಿನ ಬಾಟಲಿಗೂ ದುಡ್ಡು ಹಾಕುವ ಜಾಗಕ್ಕೆ ಹೋದಾಗ.

ಮೊನ್ನೆ ಭಾವನಿಗೆ ಪ್ರಮೋಷನ್ ಆಯಿತು ಎಂದು ಮನೆಯವರೆಲ್ಲ ಊರಿನ ಒಂದು ದೊಡ್ಡ ಸಸ್ಯಾಹಾರಿ ರೆಸ್ಟೋರೆಂಟ್‌ಗೆ ಹೋಗಿದ್ದೆವು. ಹೆಸರು ಕೇಳಬೇಡಿ, ಹೇಳುವುದಿಲ್ಲ. ಕೂತ ತಕ್ಷಣವೇ ನಾನು ವೀಗನ್, ಹಾಲಿನದು ಯಾವುದೂ ಬೇಡ ಎಂದೆ. "ಮೇಡಂ, ನಮ್ಮದು ಪ್ಯೂರ್ ವೆಜ್, ಮೊಟ್ಟೆ ಕೂಡ ಒಳಗೆ ಬಿಡಲ್ಲ" ಎಂದರು, ಹೆಮ್ಮೆಯಿಂದ. ಮೆನು ತೆರೆದರೆ ಪನೀರ್, ಮಲಾಯಿ, ಮಖನಿ, ಚೀಸ್, ಮತ್ತೆ ಪನೀರ್. ಕೊನೆಗೆ ತಂದೂರಿ ರೊಟ್ಟಿ ಮತ್ತು ಸಲಾಡ್ ಹೇಳಿದೆ. ರೊಟ್ಟಿ ಬೆಣ್ಣೆ ಸವರಿಕೊಂಡೇ ಬಂತು. ಬೇಡ ಎಂದಿದ್ದೆನಲ್ಲ ಎಂದರೆ "ಒಳಗೆ ಇಲ್ಲ ಮೇಡಂ, ಮೇಲೆ ಮಾತ್ರ" ಎಂಬ ಉತ್ತರ. ಸಲಾಡ್ ಮೇಲೆ ಮೊಸರಿನ ಡ್ರೆಸ್ಸಿಂಗ್. ಬಿಲ್ ಮಾತ್ರ ಎಲ್ಲರಿಗೂ ಸಮಪಾಲು.

ಮುಂದಿನ ತಿಂಗಳು ಮಾವನವರ ಷಷ್ಟಿಪೂರ್ತಿ. ಸಂಜೆ ಊಟ ಅಂಥದೇ ಇನ್ನೊಂದು ಕಡೆ. ತಪ್ಪಿಸಿಕೊಳ್ಳುವ ಹಾಗಿಲ್ಲ. ಏನು ಆರ್ಡರ್ ಮಾಡಬೇಕು, ಯಾರಿಗೆ ಹೇಗೆ ಹೇಳಬೇಕು? "ಸ್ವಲ್ಪ ತುಪ್ಪ ತಿಂದರೆ ಏನಾಗುತ್ತೆ" ಎನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ.

ಬೆಣ್ಣೆಮುರುಕು:
ಸ್ವಲ್ಪ ತುಪ್ಪ ತಿಂದರೆ ಏನಾಗುತ್ತೆ?

ಕುವೆಂಪುನಗರದವಳು:
ಮೊದಲ ಉತ್ತರವೇ ಇದು. ಬೆಣ್ಣೆಮುರುಕು ಅವರೇ, ಹೆಸರಿಗೆ ತಕ್ಕ ಹಾಗೆ ಇದ್ದೀರಿ.

ಬೆಣ್ಣೆಮುರುಕು:
ಅಲ್ಲ ಸುಮ್ನೆ ಕೇಳಿದೆ. ನಾಲ್ವಡಿಯವರ ಕಾಲದಲ್ಲಿ ಅರಮನೆ ಅಡುಗೆಮನೆಯಲ್ಲಿ ಮೈಸೂರು ಪಾಕ್ ಹುಟ್ಟಿದ ಊರು ಇದು. ಇಲ್ಲಿ ಕೂತು ತುಪ್ಪ ಬೇಡ ಎಂದರೆ ಸಪ್ಲೈಯರ್ ಪಾಪ ಏನು ಮಾಡಬೇಕು?

ಒಲೆಮುಂದೆ:
ಹೋಟೆಲ್ ಅಡುಗೆಮನೆಯಲ್ಲೇ ಕೂದಲು ಬೆಳ್ಳಗಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ.

ದೊಡ್ಡ ರೆಸ್ಟೋರೆಂಟ್‌ನಲ್ಲಿ ನೀವು ಆರ್ಡರ್ ಕೊಟ್ಟ ಮೇಲೆ ಯಾರೂ ಈರುಳ್ಳಿ ಹೆಚ್ಚಲು ಕೂರುವುದಿಲ್ಲ. ಬೆಳಿಗ್ಗೆಯೇ ಮೂರು ನಾಲ್ಕು ಗ್ರೇವಿ ರೆಡಿ ಆಗಿರುತ್ತವೆ. ಈರುಳ್ಳಿ ಟೊಮೆಟೊ ಹುರಿದ ಚಾಪ್ ಮಸಾಲಾ ಒಂದು. ಗೋಡಂಬಿಯ ಬಿಳಿ ಗ್ರೇವಿ ಒಂದು. ಬೆಣ್ಣೆ ಬಿದ್ದ ಮಖನಿ ಒಂದು. ಮೆನುವಿನಲ್ಲಿರುವ ಎಷ್ಟೋ ಹೆಸರುಗಳು ಇವನ್ನೇ ಅಷ್ಟಷ್ಟು ಬೆರೆಸಿದ್ದು. ಬಿಳಿ ಗ್ರೇವಿಗೆ ಖೋವಾನೋ ಕ್ರೀಮೋ ಬೆಳಿಗ್ಗೆಯೇ ಬಿದ್ದಿರುತ್ತದೆ. ನೀವು "ಕ್ರೀಮ್ ಬೇಡ" ಎಂದರೆ ಕೊನೆಯಲ್ಲಿ ಮೇಲೆ ಬಿಡುವ ಕ್ರೀಮ್ ನಿಲ್ಲುತ್ತದೆ. ಒಳಗಿನದು ಹಾಗೇ ಇರುತ್ತದೆ. ಸಪ್ಲೈಯರ್ ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತಿರುವುದೇ ಅಷ್ಟು.

ಅದಕ್ಕೇ ಚಾಪ್ ಮಸಾಲಾ ಎಣ್ಣೆಯಲ್ಲಿ ಮಾಡಿದ್ದಾ ಎಂದು ಕೇಳಿ. ಹೌದು ಎಂದರೆ ಆಲೂ ಗೋಬಿ, ಬೆಂಡೆಕಾಯಿ, ಚನ್ನಾ, ಅಣಬೆ ಯಾವುದನ್ನಾದರೂ ಅದರಲ್ಲಿ ಮಾಡಿಕೊಡುತ್ತಾರೆ. ದಾಲ್ ಆದರೆ ಬೇಳೆ ಬೇಯಿಸಿಟ್ಟಿರುತ್ತದೆ, ಒಗ್ಗರಣೆ ಎಣ್ಣೆಯಲ್ಲಿ ಕೇಳಬಹುದು. ನಾನ್, ಕುಲ್ಚಾ ಬಿಡಿ. ಹಿಟ್ಟು ಕಲಸುವಾಗಲೇ ಮೊಸರು, ಹಾಲು ಹೋಗಿರುತ್ತದೆ. ತಂದೂರಿ ರೊಟ್ಟಿ ಗೋಧಿ, ಉಪ್ಪು, ನೀರು. ಆದರೆ ತಂದೂರ್ ಹತ್ತಿರ ನಿಂತವನ ಪಕ್ಕದಲ್ಲೇ ಬೆಣ್ಣೆ ಡಬ್ಬಿ, ಬ್ರಷ್. ಅವನ ಕೈ ತಾನಾಗಿ ಹೋಗುತ್ತದೆ. ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ಅಂದರೆ ಕೆಒಟಿಯಲ್ಲಿ "ಡ್ರೈ" ಎಂದು ಬರೆಸಿದರೆ ಮಾತ್ರ ನಿಲ್ಲುತ್ತದೆ. ಬಾಯಲ್ಲಿ ಹೇಳಿದ್ದು ಒಳಗೆ ಮುಟ್ಟುವುದಿಲ್ಲ.

ಜಾಸ್ತಿ ಭರವಸೆ ಇಡಬಹುದಾದ್ದು ಚೈನೀಸ್ ಕಡೆ. ಅಲ್ಲಿ ಬಾಣಲೆ ಬೇರೆ, ಎಲ್ಲಾ ಎಣ್ಣೆ. ಫ್ರೈಡ್ ರೈಸ್, ಕ್ಲಿಯರ್ ಸೂಪ್, ಚಿಲ್ಲಿ ಬೇಬಿಕಾರ್ನ್.

ಸೊಪ್ಪಿನಕಟ್ಟು:
ಒಲೆಮುಂದೆ ಅವರೇ, ದೊಡ್ಡ ಉಪಕಾರ ಆಯಿತು. ಕೆಒಟಿ ವಿಷಯ ಯಾರೂ ಹೇಳಿರಲಿಲ್ಲ. ಆದರೆ ಷಷ್ಟಿಪೂರ್ತಿಗೆ ಬೇಬಿಕಾರ್ನ್ ತಿನ್ನುತ್ತಾ ಕೂರುವುದಾ ಎಂದು ಅತ್ತೆ ಕೇಳುತ್ತಾರೆ.

ಉಪ್ಸಾರು ಮಂಡ್ಯ:
ನಿಮ್ಮ ಮೈಸೂರಿನವರ ಗೋಳು ನೋಡಿ ನಗು ಬರುತ್ತದೆ ಕಣ್ರೀ. ಮುದ್ದೆ, ಉಪ್ಸಾರು, ಖಾರ. ಬಸ್ಸಾರು. ಮಸ್ಸೊಪ್ಪು. ಹುರುಳಿ ಸಾರು. ಹಿತಿಕಿದ ಬೇಳೆ. ಇದರಲ್ಲಿ ಎಲ್ಲಿದೆ ಹಾಲು, ಎಲ್ಲಿದೆ ಬೆಣ್ಣೆ? ನಮ್ಮಜ್ಜಿ ಜೀವನಪೂರ್ತಿ ನಿಮ್ಮ ವೀಗನ್ ಊಟವನ್ನೇ ಉಂಡರು, ಹೆಸರು ಗೊತ್ತಿಲ್ಲದೆ. ಹಾಲು ಇದ್ದರೂ ಡೈರಿಗೆ ಹಾಕುತ್ತಿದ್ದರು, ಮನೆಗೆ ಉಳಿಯುತ್ತಿದ್ದುದು ಕಾಫಿಗೆ ಆಗುವಷ್ಟು.

ಕುವೆಂಪುನಗರದವಳು:
ಇದೇ ನೋಡಿ ವಿಷಯ. ಬಿಲ್ ದೊಡ್ಡದಾದಷ್ಟೂ ತುಪ್ಪ ಜಾಸ್ತಿ. ಮೆಸ್‌ನಲ್ಲಿ ತುಪ್ಪ ಹಾಕಿದರೆ ಅವರಿಗೆ ಲಾಸ್, ಹಾಗಾಗಿ ಎಲ್ಲ ಎಣ್ಣೆ. ದೊಡ್ಡ ಕಡೆ ತುಪ್ಪ ಹಾಕದಿದ್ದರೆ "ಇಷ್ಟು ದುಡ್ಡು ಕೊಟ್ಟು ಇದಾ" ಎನ್ನುತ್ತಾರೆ ಗಿರಾಕಿಗಳು. ಅಲ್ಲಿ ಮಾರುವುದೇ ಬೆಣ್ಣೆ, ಕ್ರೀಮ್, ಗೋಡಂಬಿ. ನಮ್ಮಂಥವರು ಹೋಗಿ ಅದೇ ಬೇಡ ಎಂದರೆ ಮೆನುವಿನಲ್ಲಿ ಉಳಿಯುವುದು ನಿಂಬೆಹಣ್ಣಿನ ತುಂಡು.

ಬೆಣ್ಣೆಮುರುಕು:
ಮೆಸ್‌ನಲ್ಲಿ ಡಾಲ್ಡಾ ಹಾಕುತ್ತಾರೆ ಅಷ್ಟೇ. ಅದು ವೀಗನ್ ಅಂತ ಖುಷಿಯಾಗಿ ತಿನ್ನಿ.

ಲೇಬಲ್ ಓದುವವ:
ವನಸ್ಪತಿ ವೀಗನ್ ಹೌದು, ಗಿಡದ ಎಣ್ಣೆಯೇ. 2022ರಿಂದ ಎಣ್ಣೆ ಮತ್ತು ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ 2% ದಾಟಬಾರದು ಎಂಬ ನಿಯಮ ಇದೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳುತ್ತಿಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಹಾಲು, ಜೇನು ಎಲ್ಲ ಹಸಿರು ಚುಕ್ಕೆಯೊಳಗೇ ಬರುತ್ತವೆ. ವೀಗನ್ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆಯೇ ನಿಯಮ ತಂದಿದೆ, ಬೇರೆ ಗುರುತೂ ಇದೆ. ಹಸಿರು ವಿ ಅಕ್ಷರ, ಮೇಲೆ ಎಲೆ. ಅದು ಪ್ಯಾಕೆಟ್ ಮೇಲೆ ಕಾಣಿಸುತ್ತದೆ, ನಿಮ್ಮ ತಟ್ಟೆ ಮೇಲೆ ಅಲ್ಲ.

ಇನ್ನೊಂದು ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಕೇಂದ್ರ ಲೈಸೆನ್ಸ್ ಇರುವ ಅಥವಾ 10ಕ್ಕಿಂತ ಕಡಿಮೆ ಇಲ್ಲದಷ್ಟು ಶಾಖೆ ಇರುವ ಹೋಟೆಲ್‌ಗಳು 2022ರ ಜುಲೈ 1ರಿಂದ ಮೆನುವಿನಲ್ಲಿ ಕ್ಯಾಲರಿ ತೋರಿಸಬೇಕು, ಅಲರ್ಜಿ ಮಾಹಿತಿಯನ್ನೂ ಕೊಡಬೇಕು. ಅಲರ್ಜಿ ಪಟ್ಟಿಯಲ್ಲಿ ಹಾಲು ಇದೆ. ಯಾವ ಪದಾರ್ಥದಲ್ಲಿ ಹಾಲಿದೆ ಎಂದು ಅವರ ಹತ್ತಿರ ಬರೆದಿಟ್ಟ ಪಟ್ಟಿ ಇರಬೇಕು. ಕೇಳಿ ನೋಡಿ. ಒಂದೇ ಶಾಖೆಯ ನಮ್ಮೂರ ಹೋಟೆಲ್‌ಗೆ ಇದು ಅನ್ವಯಿಸದೇ ಇರಬಹುದು.

ಗೋಕುಲಂ ಮೂರನೇ ಹಂತ:
ಇಷ್ಟೆಲ್ಲ ಯಾಕೆ? ಗೋಕುಲಂಗೆ ಬನ್ನಿ. ಪಟ್ಟಾಭಿ ಜೋಯಿಸರ ಯೋಗ ಕಲಿಯಲು ಹೊರದೇಶದವರು ಬರಲು ಶುರು ಮಾಡಿದ ಮೇಲೆ ಇಲ್ಲಿ ವೀಗನ್ ಎಂದರೆ ಯಾರೂ ಕಣ್ಣು ಬಿಡುವುದಿಲ್ಲ. ಬಾದಾಮಿ ಹಾಲು, ತೆಂಗಿನ ಹಾಲು, ತೋಫು ಎಲ್ಲ ಸಿಗುತ್ತದೆ.

ಉಪ್ಸಾರು ಮಂಡ್ಯ:
ಅರವತ್ತರ ಮಾವನವರನ್ನು ಕರೆದುಕೊಂಡು ಹೋಗಿ ಬಟ್ಟಲಲ್ಲಿ ಹಣ್ಣು ಅರೆದು ಮೇಲೆ ಬೀಜ ಉದುರಿಸಿ ಕೊಟ್ಟರೆ, ಶಾಂತಿ ಹೋಮ ಮತ್ತೆ ಮಾಡಿಸಬೇಕಾಗುತ್ತದೆ.

ಗೋಕುಲಂ ಮೂರನೇ ಹಂತ:
😂 ಅದು ನಿಜ.

ಹೊಟ್ಟೆನೋವು:
ಸುಲಭ ದಾರಿ ಹೇಳಲಾ? "ನನಗೆ ಹಾಲಿನ ಅಲರ್ಜಿ, ತಿಂದರೆ ಆಸ್ಪತ್ರೆ" ಎನ್ನಿ. ಆಮೇಲೆ ನೋಡಿ, ಮ್ಯಾನೇಜರೇ ಓಡಿ ಬರುತ್ತಾರೆ. ವೀಗನ್ ಎಂದರೆ ನಿಮ್ಮ ಹಟ. ಅಲರ್ಜಿ ಎಂದರೆ ಅವರ ಭಯ.

ಪುಟ್ಟಿಅಮ್ಮ:
ದಯವಿಟ್ಟು ಹೀಗೆ ಮಾಡಬೇಡಿ. ನನ್ನ ಮಗಳಿಗೆ ನಿಜವಾಗಿ ಹಾಲಿನ ಅಲರ್ಜಿ. ಒಂದು ಚಮಚ ಮಜ್ಜಿಗೆಗೆ ತುಟಿ, ಕಣ್ಣು ಊದಿಕೊಳ್ಳುತ್ತದೆ. ನೀವು ಅಲರ್ಜಿ ಎಂದು ಹೇಳಿ ಊಟದ ಕೊನೆಗೆ "ಒಂದು ಸ್ಪೂನ್ ಐಸ್‌ಕ್ರೀಂ ಪರವಾಗಿಲ್ಲ" ಎಂದು ತಿಂದರೆ, ಅದನ್ನು ನೋಡಿದ ಸಪ್ಲೈಯರ್ ಮುಂದಿನ ಸಲ ನಾನು ಹೇಳಿದಾಗ ನಂಬುವುದಿಲ್ಲ. ಇದು ನಮಗೆ ಆಗಿದೆ. "ಎಲ್ಲರೂ ಹೀಗೇ ಹೇಳ್ತಾರೆ ಮೇಡಂ" ಎಂದು ಮುಖಕ್ಕೇ ಹೇಳಿದ್ದಾರೆ.

ಹೊಟ್ಟೆನೋವು:
ವೀಗನ್‌ಗಳು ಐಸ್‌ಕ್ರೀಂ ತಿನ್ನುವುದಿಲ್ಲವಲ್ಲ. ಕೊನೆವರೆಗೂ ತಿನ್ನದಿದ್ದರೆ ಸುಳ್ಳಿನಿಂದ ಯಾರಿಗೆ ನಷ್ಟ?

ಒಲೆಮುಂದೆ:
ಅಡುಗೆಮನೆಗೆ ನಷ್ಟ ಸ್ವಾಮಿ. ಅಲರ್ಜಿ ಎಂದು ಚೀಟಿ ಬಂದರೆ ಬಾಣಲೆ ತೊಳೆಯಬೇಕು, ಸೌಟು ಬೇರೆ, ಎಣ್ಣೆ ಬೇರೆ. ರಶ್ ಹೊತ್ತಿನಲ್ಲಿ ಒಂದು ಟೇಬಲ್‌ಗಾಗಿ ಇಬ್ಬರು ನಿಲ್ಲುತ್ತಾರೆ. ಅದು ಬೇಕಾದವರಿಗೆ ಮಾಡುತ್ತೇವೆ, ಮಾಡಲೇಬೇಕು. ವೀಗನ್‌ಗೆ ಅಷ್ಟು ಬೇಕಾ? ಪನೀರ್ ಹುರಿದ ಎಣ್ಣೆಯಲ್ಲೇ ಗೋಬಿ ಬಿಟ್ಟರೆ ನಿಮಗೆ ನಡೆಯುತ್ತದಾ, ಇಲ್ಲವಾ? ಅದನ್ನು ನೀವೇ ಮೊದಲು ತೀರ್ಮಾನಿಸಿಕೊಂಡು ಬನ್ನಿ.

ಕುವೆಂಪುನಗರದವಳು:
ನನಗೆ ನಡೆಯುತ್ತದೆ. ಅಡುಗೆಯಲ್ಲಿ ಹಾಲು ಇಲ್ಲದಿದ್ದರೆ ಸಾಕು. ಪಾತ್ರೆಯ ವಿಚಾರಣೆ ನಡೆಸುವುದಿಲ್ಲ.

ಸೊಪ್ಪಿನಕಟ್ಟು:
ನನಗೂ ಅಷ್ಟೇ. ಪುಟ್ಟಿಅಮ್ಮ ಹೇಳಿದ್ದು ಸರಿ. ಅಲರ್ಜಿ ಎಂದು ಹೇಳುವುದಿಲ್ಲ.

ಲೇಬಲ್ ಓದುವವ:
ಗೊಂದಲ ಆಗದಿರಲಿ. ಹಾಲಿನ ಅಲರ್ಜಿ ಹಾಲಿನ ಪ್ರೋಟೀನ್‌ಗೆ ಆಗುವುದು. ಲ್ಯಾಕ್ಟೋಸ್ ಜೀರ್ಣ ಆಗದಿರುವುದು ಬೇರೆ. ಎರಡನೆಯವರಲ್ಲಿ ಹೆಚ್ಚಿನವರು ತುಪ್ಪ ತಿನ್ನಬಹುದು, ಅದರಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇರುವುದೇ ಇಲ್ಲ. ವೀಗನ್ ಮೂರನೆಯದು. ಹೋಟೆಲ್‌ನವರು ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ.

ಮದ್ದೂರು ಹೈನು:
ಓದುತ್ತಾ ಬಂದೆ, ಸುಮ್ಮನಿರಲು ಆಗಲಿಲ್ಲ. ನಮ್ಮ ಮನೆಯಲ್ಲಿ ಹಸು ಇವೆ. ಮಂಡ್ಯದ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಹಾಕುತ್ತೇವೆ. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಮಕ್ಕಳ ಫೀಸು, ಸೊಸೈಟಿ ಕಂತು, ಸಂತೆ ಖರ್ಚು ಎಲ್ಲ ಹಾಲಿನ ಬಟವಾಡೆಯಿಂದಲೇ. ನೀವು ತಿನ್ನುವುದು ಬಿಡುವುದು ನಿಮ್ಮಿಷ್ಟ. ಆದರೆ ಹಾಲು ಎಂದರೆ ಹಿಂಸೆ ಎಂದು ಎಸಿ ರೂಮಿನಲ್ಲಿ ಕೂತು ಹೇಳುವವರನ್ನು ಕಂಡರೆ ಉರಿಯುತ್ತದೆ. ನಮ್ಮ ಹಸುಗೆ ಜ್ವರ ಬಂದರೆ ನನ್ನ ಹೆಂಡತಿ ನಿದ್ದೆ ಮಾಡುವುದಿಲ್ಲ.

ಕುವೆಂಪುನಗರದವಳು:
ಇಲ್ಲಿ ಯಾರೂ ನಿಮಗೆ ಹಿಂಸೆ ಎಂದು ಬೈದಿಲ್ಲವಲ್ಲ ಅಣ್ಣ. ಒಂದು ಮಾತು ಮಾತ್ರ ಕೇಳುತ್ತೇನೆ, ಜಗಳಕ್ಕಲ್ಲ. ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ? ಈಗ ಉಳುವುದಕ್ಕೆ ಟ್ರ್ಯಾಕ್ಟರ್ ಇದೆ.

ಮದ್ದೂರು ಹೈನು:
ಅದು ಕಷ್ಟದ ಪ್ರಶ್ನೆ, ಒಪ್ಪುತ್ತೇನೆ. ಸಾಕುವುದಕ್ಕೆ ಆಗುವುದಿಲ್ಲ, ಮಾರುವುದಕ್ಕೂ ಈಗ ಕಷ್ಟ. ಸೀಮೆಹಸು ಬಂದ ಮೇಲೆ ಗಂಡು ಕರು ಭಾರವೇ. ಹೆಣ್ಣು ಕರುವೇ ಹುಟ್ಟುವ ಹಾಗೆ ವೀರ್ಯದ ಕಡ್ಡಿ ಬಂದಿದೆ, ನಾವೂ ಹಾಕಿಸಿದ್ದೇವೆ. ಅದಕ್ಕೆ ರೇಟು ಜಾಸ್ತಿ. ಆದರೂ ಹಾಲು ಬಿಟ್ಟು ಬದುಕಿ ಎಂದು ನಮಗೆ ಹೇಳುವವರು ಬೇರೆ ದಾರಿಯನ್ನೂ ಹೇಳಬೇಕು ಅಲ್ವಾ?

ಬೆಣ್ಣೆಮುರುಕು:
ಇದೆಲ್ಲ ಹೊಸ ಫ್ಯಾಷನ್. ಮೊಬೈಲ್ ನೋಡಿ ಕಲಿತಿದ್ದು.

ಲೇಬಲ್ ಓದುವವ:
ಇಂಗ್ಲೆಂಡಿನಲ್ಲಿ ವೀಗನ್ ಸಂಘ ಶುರುವಾಗಿದ್ದು 1944ರಲ್ಲಿ. ನಿಮ್ಮ ಮೊಬೈಲ್‌ಗಿಂತ ಹಳೆಯದು.

ನಿರ್ವಾಹಕ:
ಹೈನುಗಾರಿಕೆ ಚರ್ಚೆ ಚೆನ್ನಾಗಿದೆ, ಆದರೆ ಬೇರೆ ಎಳೆ ತೆರೆಯಿರಿ. ಇಲ್ಲಿ ಊಟದ ಮಾತಾಡೋಣ.

ಎಲೆಊಟ:
ನಾನು ಮದುವೆ ಅಡುಗೆ ಗುಂಪಿನಲ್ಲಿ ಇದ್ದವನು. ಷಷ್ಟಿಪೂರ್ತಿ ಅಂತೀರಿ, ಸಂಜೆ ರೆಸ್ಟೋರೆಂಟ್ ಅಂತೀರಿ. ಆ ಜಾಗದಲ್ಲಿ ಬಾಳೆ ಎಲೆ ಊಟ ಇದೆಯಾ? ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಯಾಕೆಂದರೆ ನಮ್ಮ ಎಲೆ ಊಟದಲ್ಲಿ ತುಪ್ಪ ಹೆಚ್ಚಾಗಿ ಮೇಲಿಂದ ಬಡಿಸುವುದು. ಕೈ ಅಡ್ಡ ಹಿಡಿದರೆ ನಿಂತಿತು. ಎಲೆಗೆ ಮೊದಲೇ ಅಭಿಘಾರ, ಅಂದರೆ ತುಪ್ಪದ ಹನಿ, ಹಾಕುವವರು ಬಂದರೆ ಮಾತ್ರ ಮುಂಚೆಯೇ ಹೇಳಿ.

ಕೋಸಂಬರಿ, ಕಾಯಿ ಹಾಕಿದ ಪಲ್ಯ, ಗೊಜ್ಜು, ಚಿತ್ರಾನ್ನ, ಪುಳಿಯೋಗರೆ ಎಲ್ಲ ಎಣ್ಣೆಯವು. ಪುಳಿಯೋಗರೆಗೆ ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯೇ ಚೆನ್ನ. ಸಾರಿನ ಒಗ್ಗರಣೆ, ಬಿಸಿಬೇಳೆಬಾತ್, ಪೊಂಗಲ್ ಈ ಮೂರರಲ್ಲಿ ತುಪ್ಪ ಗ್ಯಾರಂಟಿ. ಕೇಸರಿಬಾತ್ ಕೇಳಲೇಬೇಡಿ. ವಾಂಗೀಬಾತ್ ಎಣ್ಣೆಯಲ್ಲೇ ಮಾಡುತ್ತಾರೆ, ಕೊನೆಗೆ ಒಂದು ಸೌಟು ತುಪ್ಪ ಸುರಿಯುವವರು ಇದ್ದಾರೆ. ಈರನಗೆರೆ ಬದನೆಕಾಯಿ ಇದ್ದರೆ ತುಪ್ಪದ ಅಗತ್ಯವೇ ಇಲ್ಲ, ಅದು ಬೇರೆ ಮಾತು.

ಯಾರೂ ಹೇಳದ ಒಂದು: ಬಾಳಕ. ಊಟದ ಜೊತೆ ಕರಿದು ಕೊಡುವ ಮೆಣಸಿನಕಾಯಿ. ಅದನ್ನು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿರುತ್ತಾರೆ. ಕೆಲವು ಸಂಡಿಗೆ ಹಿಟ್ಟಿಗೂ ಮಜ್ಜಿಗೆ ಹಾಕುವುದುಂಟು.

ಪಾಯಸದ ವಿಷಯ. ಬೆಲ್ಲದ ಪಾಯಸಕ್ಕೆ ಬಿಸಿ ಇರುವಾಗ ಹಾಲು ಹಾಕಿದರೆ ಒಡೆಯುವ ಭಯ. ನೂರಾರು ಜನಕ್ಕೆ ಮಾಡುವಾಗ ಆ ಗಂಡಾಂತರ ಯಾರಿಗೆ ಬೇಕು? ಹಾಗಾಗಿ ಕಾಯಿಹಾಲು. ಗಸಗಸೆ ಪಾಯಸ, ಹೆಸರುಬೇಳೆ ಪಾಯಸ ಎರಡೂ ಕಾಯಿಹಾಲಿನಲ್ಲೇ ರುಚಿ. ದ್ರಾಕ್ಷಿ ಗೋಡಂಬಿ ತುಪ್ಪದಲ್ಲಿ ಹುರಿಯಬೇಡಿ ಎಂದರೆ ಸಾಕು. ಕಾಯಿ ಒಬ್ಬಟ್ಟನ್ನು ಎಣ್ಣೆಯಲ್ಲಿ ತಟ್ಟಿ ಬೇಯಿಸುತ್ತಾರೆ. ಮಾವನವರಿಗೆ ತುಪ್ಪ ಹಾಕಿ, ನೀವು ಕಾಯಿಹಾಲು ಹಾಕಿಕೊಳ್ಳಿ.

ಬೆಣ್ಣೆಮುರುಕು:
ಒಬ್ಬಟ್ಟಿಗೆ ಕಾಯಿಹಾಲು ಚೆನ್ನಾಗಿರುತ್ತೆ, ಅದನ್ನು ಒಪ್ಪುತ್ತೇನೆ.

ಕುವೆಂಪುನಗರದವಳು:
ಇತಿಹಾಸದಲ್ಲಿ ಬರೆದಿಡಿ. ಬೆಣ್ಣೆಮುರುಕು ಒಪ್ಪಿದರು.

ಚೀಸ್ ಬೇಡ ಸರ್:
ಪ್ಯೂರ್ ವೆಜ್ ಎಂದು ಎದೆ ತಟ್ಟಿಕೊಳ್ಳುವ ದೊಡ್ಡ ಹೋಟೆಲ್‌ಗಳಿಗೆ ಒಂದು ಪ್ರಶ್ನೆ ಕೇಳಿ, ಮಜಾ ಇರುತ್ತೆ. ಪಾಸ್ತಾ ಮೇಲೆ ತುರಿಯುವ ಚೀಸ್ ಯಾವುದು? ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಆದರೆ ಅದನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ವೆಜ್ ಕೂಡ ಅಲ್ಲ. ಸಿಹಿ ಪಟ್ಟಿಯಲ್ಲಿ ಪನ್ನಾ ಕೋಟಾ ಇದ್ದರೆ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಹಾಕಿದ್ದಾರಾ ಎಂದೂ ಕೇಳಿ.

ಒಲೆಮುಂದೆ:
ಪ್ಯೂರ್ ವೆಜ್ ಕಡೆ ಅಸಲಿ ಇಟಲಿ ಚೀಸ್ ಯಾರು ತರುತ್ತಾರೆ? ನಮ್ಮ ದೇಶದ ಚೀಸ್ ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್‌ನದು. ಜೆಲಾಟಿನ್ ಬದಲು ಕಡಲ ಪಾಚಿಯ ಅಗರ್ ಅಗರ್ ಇದೆ. ಸುಮ್ನೆ ಭಯ ಹುಟ್ಟಿಸಬೇಡಿ.

ಚೀಸ್ ಬೇಡ ಸರ್:
ಕೇಳಿ ಎಂದೆ, ಹಾಕುತ್ತಾರೆ ಎನ್ನಲಿಲ್ಲ.

ಎಲೆಊಟ:
ಸಿಹಿ ಮೇಲಿನ ಬೆಳ್ಳಿ ಹಾಳೆಯೂ ಹಾಗೇ. ಮೊದಲು ದನದ ಕರುಳಿನ ಪದರದ ನಡುವೆ ಇಟ್ಟು ಬಡಿಯುತ್ತಿದ್ದರು. ಪ್ರಾಣಿಮೂಲದ ವಸ್ತು ಬಳಸಬಾರದು ಎಂದು 2016ರಲ್ಲಿ ನಿಯಮ ಬಂತು. ಈಗ ಯಂತ್ರದಲ್ಲಿ ಕಾಗದದ ನಡುವೆ ಬಡಿದದ್ದು ಸಿಗುತ್ತದೆ.

ಪುಟ್ಟಿಅಮ್ಮ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಕಾಜು ಕತ್ಲಿಯ ಆಸೆಯೇ ಹೋಯಿತು.

ಗೋಕುಲಂ ಮೂರನೇ ಹಂತ:
ಹಾಗಾದರೆ ಸಕ್ಕರೆ? ಹೊರದೇಶದ ವೀಗನ್‌ಗಳು ಮೂಳೆ ಇದ್ದಿಲಿನಲ್ಲಿ ಸೋಸುತ್ತಾರೆ ಎಂದು ಸಕ್ಕರೆಯನ್ನೂ ಮುಟ್ಟುವುದಿಲ್ಲ.

ಉಪ್ಸಾರು ಮಂಡ್ಯ:
ಸಕ್ಕರೆ ಪಾಠ ಮಂಡ್ಯದವರಿಗಾ? ಮೈಶುಗರ್ 1933ರಿಂದ ಇದೆ ನಮ್ಮೂರಲ್ಲಿ. ನಮ್ಮ ದೇಶದ ಮಿಲ್‌ಗಳು ಹೆಚ್ಚಾಗಿ ಕಬ್ಬಿನ ರಸವನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿ ಮಾಡುತ್ತವೆ. ಮೂಳೆ ಮಾತು ಅಲ್ಲಿ ಬರುವುದಿಲ್ಲ. ಆಲೆಮನೆ ಬೆಲ್ಲಕ್ಕಂತೂ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಇದಕ್ಕಿಂತ ವೀಗನ್ ಬೇಕಾ?

ಮದ್ದೂರು ಹೈನು:
ಈಗಿನ ಆಲೆಮನೆಗಳಲ್ಲಿ ಬೆಂಡೆ ಎಲ್ಲಿದೆ ಮಾರಾಯ, ಬಿಳಿ ಪುಡಿ ಸುರಿಯುತ್ತಾರೆ. ಬೆಲ್ಲ ಹಳದಿಯಾಗಿ ಹೊಳೆದಷ್ಟೂ ಅನುಮಾನ ಪಡಿ.

ಬಿಲ್ ಕೊಡುವವ:
ದುಡ್ಡಿನ ಮಾತು ಯಾರೂ ಆಡಲಿಲ್ಲ. ಹೊರಗಿನ ರೆಸ್ಟೋರೆಂಟ್‌ಗೆ ಜಿಎಸ್‌ಟಿ 5%. ಅದೇ ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲ್ ಒಳಗಿನ ರೆಸ್ಟೋರೆಂಟ್ ಆದರೆ 18%. ಒಣ ರೊಟ್ಟಿ ತಿಂದು 18% ಕಟ್ಟುವುದು ಬೇಡ. ಸರ್ವೀಸ್ ಚಾರ್ಜ್ ಹಾಕಿದ್ದರೆ ತೆಗೆಯಿರಿ ಎನ್ನಬಹುದು, ಅದು ಕಡ್ಡಾಯ ಅಲ್ಲ.

ಸೊಪ್ಪಿನಕಟ್ಟು:
ಒಂದು ಅಪ್‌ಡೇಟ್. ಸಂಜೆ ನಾಲ್ಕಕ್ಕೆ, ರಶ್ ಇಲ್ಲದ ಹೊತ್ತಿನಲ್ಲಿ ಆ ರೆಸ್ಟೋರೆಂಟ್‌ಗೆ ಫೋನ್ ಮಾಡಿದೆ. ವೀಗನ್ ಎನ್ನಲೇ ಇಲ್ಲ. "ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಕ್ರೀಮ್, ಖೋವಾ, ಜೇನು ಇಲ್ಲದೆ ಒಬ್ಬರಿಗೆ ಊಟ" ಎಂದೆ. ತೆಗೆದುಕೊಂಡವರು ಶೆಫ್‌ಗೇ ಕೊಟ್ಟರು. ಶೆಫ್ ಕುಂದಾಪುರ ಕಡೆಯವರು ಅಂತೆ. "ನೀರ್ ದೋಸೆ, ತರಕಾರಿ ಗಸಿ, ಅನ್ನ, ತಿಳಿಸಾರು ಎಣ್ಣೆ ಒಗ್ಗರಣೆ, ಕಾಯಿಹಾಲಿನ ಪಾಯಸ ಮಾಡಿಕೊಡುತ್ತೇನೆ, ಹಿಂದಿನ ದಿನ ನೆನಪಿಸಿ" ಎಂದರು. ಮೆನುವಿನಲ್ಲಿ ಇದ್ಯಾವುದೂ ಇಲ್ಲ!

ಒಲೆಮುಂದೆ:
ಇದೇ ನಾನು ಹೇಳಬೇಕೆಂದಿದ್ದು. ಅಡುಗೆಯವನಿಗೆ ಪದಾರ್ಥದ ಹೆಸರು ಹೇಳಿದರೆ ತಲೆ ಓಡುತ್ತದೆ. ಮೆನುವಿನ ಆ ಪನೀರ್‌ನಿಂದ ಅವನಿಗೂ ಬೇಜಾರಾಗಿರುತ್ತದೆ. ಆದರೆ ನೆನಪಿಸುವುದನ್ನು ಮರೆಯಬೇಡಿ. ಅವತ್ತು ಆ ಶೆಫ್‌ಗೆ ರಜಾ ಇದ್ದರೆ ಕಥೆ ಮೊದಲಿಂದ ಶುರು.

ಹೊಟ್ಟೆನೋವು:
ಒಬ್ಬರಿಗೆ ಬೇರೆ ಊಟ ಮಾಡಿಸುವಷ್ಟು ಧೈರ್ಯ ನನಗಿಲ್ಲ. ಮಾವನ ಮನೆಯವರ ಮುಂದೆ ಸ್ಪೆಷಲ್ ತಟ್ಟೆ ಬಂದರೆ ಮುಂದಿನ ಅರ್ಧ ಗಂಟೆ ಅದೇ ಮಾತು. "ಪ್ರೋಟೀನ್ ಎಲ್ಲಿಂದ?" "ಬಿ12 ಎಲ್ಲಿಂದ?"

ಲೇಬಲ್ ಓದುವವ:
ಬಿ12 ಪ್ರಶ್ನೆ ತಪ್ಪಲ್ಲ. ಗಿಡಗಳಿಂದ ಅದು ಸಿಗುವುದಿಲ್ಲ, ವೀಗನ್ ಆದವರು ಮಾತ್ರೆನೋ, ಬಿ12 ಸೇರಿಸಿದ ಆಹಾರವೋ ತೆಗೆದುಕೊಳ್ಳಲೇಬೇಕು. ಪ್ರೋಟೀನ್‌ಗೆ ಹುರುಳಿ, ಅವರೆ, ಕಡಲೆ ಇದೆ.

ಕಾಫಿ ಡಿಕಾಕ್ಷನ್:
ಊಟ ಬಿಡಿ, ಕಾಫಿಗೆ ಏನು ಮಾಡುತ್ತೀರಿ? ನನಗೆ ಅದೊಂದೇ ಅಡ್ಡಿ. ಮೈಸೂರಿನಲ್ಲಿ ಹುಟ್ಟಿ ಕಪ್ಪು ಕಾಫಿ ಕುಡಿಯುವುದು ಶಿಕ್ಷೆ.

ಗೋಕುಲಂ ಮೂರನೇ ಹಂತ:
ಸೋಯಾ ಹಾಲು ಬಿಸಿ ಡಿಕಾಕ್ಷನ್‌ಗೆ ಹಾಕಿದರೆ ಒಡೆಯುತ್ತದೆ, ಕಾಫಿಯ ಹುಳಿ ಮತ್ತು ಬಿಸಿ ಎರಡೂ ಸೇರಿ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನಕ್ಕೆ ಬಿಡಿ. ಓಟ್ಸ್ ಹಾಲು ಒಡೆಯುವುದು ಕಡಿಮೆ. ಚಿಕೋರಿ ಇರುವ ಪುಡಿ ಆದರೆ ಇನ್ನೂ ಚೆನ್ನಾಗಿ ಕೂರುತ್ತದೆ.

ಕಾಫಿ ಡಿಕಾಕ್ಷನ್:
ಓಟ್ಸ್ ಹಾಲಿನ ಬೆಲೆ ನೋಡಿದ್ದೀರಾ? ಕಾಫಿ ಕುಡಿಯಲು ಸಾಲ ಮಾಡಬೇಕು.

ಮದ್ದೂರು ಹೈನು:
ಅದಕ್ಕೇ ಹೇಳಿದ್ದು, ನಮ್ಮ ಹಾಲು ಸಸ್ತಾ.

ಕುವೆಂಪುನಗರದವಳು:
😀 ಅಣ್ಣ ಬಿಡುವುದಿಲ್ಲ.

ರೈಲು ಪ್ರಯಾಣಿಕ:
ಹೋಗಲಿ, ಮೈಸೂರು ಬೆಂಗಳೂರು ರೈಲಿನಲ್ಲಿ ಮದ್ದೂರು ವಡೆ ತಿನ್ನಬಹುದಾ? ಅದು ವೀಗನ್ ತಾನೆ?

ಉಪ್ಸಾರು ಮಂಡ್ಯ:
ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು. ಕಾದ ಎಣ್ಣೆ ಹಾಕಿ ಕಲಸುವುದು. ಧೈರ್ಯವಾಗಿ ತಿನ್ನಿ.

ಎಲೆಊಟ:
ಕಾದ ಎಣ್ಣೆಯಲ್ಲ, ಕಾಯಿಸಿದ ತುಪ್ಪ ಹಾಕಿ ಕಲಸುವವರೂ ಇದ್ದಾರೆ. ಗರಿಗರಿ ಬರುತ್ತದೆ.

ಉಪ್ಸಾರು ಮಂಡ್ಯ:
ಮನೆಯಲ್ಲಿ ಹಾಕಬಹುದು. ರೈಲಿನಲ್ಲಿ ಆ ರೇಟಿಗೆ ತುಪ್ಪ ಹಾಕಿ ಮಾರಿದರೆ ಅವನು ಮನೆ ಮಾರಬೇಕು.

ಎಲೆಊಟ:
ನಾನು ಮನೆ ವಡೆ ಮಾತೇ ಆಡಿದ್ದು. ಬೆಣ್ಣೆ ಹಾಕುವವರನ್ನೂ ನೋಡಿದ್ದೇನೆ.

ಉಪ್ಸಾರು ಮಂಡ್ಯ:
ಬೆಣ್ಣೆ ಹಾಕಿದರೆ ಅದು ಮದ್ದೂರು ವಡೆ ಅಲ್ಲ, ನಿಪ್ಪಟ್ಟು.

ನಿರ್ವಾಹಕ:
ವಡೆಗೆ ಬೇರೆ ಎಳೆ ತೆರೆಯಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ರೈಲು ಪ್ರಯಾಣಿಕ:
ತೆರೆದಿದ್ದೇನೆ. ಅಲ್ಲಿ ಈಗಾಗಲೇ ರವೆ ಚಿರೋಟಿಯದೋ ದಪ್ಪದ್ದೋ ಎಂದು ಜಗಳ ಶುರುವಾಗಿದೆ, ಬನ್ನಿ.